ಪಾರ್ಕಿಗೆ ನಾಯಿ ಕರೆದುಕೊಂಡು ಬರುವವರು, ನಾಯಿ ಕಂಡರೆ ಹೆದರುವವರು: ಇಬ್ಬರ ಪ್ರಶ್ನೆಗೂ ಪಶುವೈದ್ಯರ ಉತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರದಿಂದ ಗುಂಪಿನಲ್ಲಿ ಪಾರ್ಕಿನ ನಾಯಿಗಳದ್ದೇ ಜಗಳ. ಅದಕ್ಕೇ ನಮ್ಮ ಬಡಾವಣೆಯಲ್ಲೇ ಇರುವ ಪಶುವೈದ್ಯರನ್ನು ಉತ್ತರ ಕೊಡಲು ಕೇಳಿಕೊಂಡಿದ್ದೇವೆ. ಬೆಂಗಳೂರಿನ ಪಾರ್ಕುಗಳಿಗೆ ಸಂಬಂಧಪಟ್ಟ ಪ್ರಶ್ನೆ ಮಾತ್ರ ಕೇಳಿ. ಯಾರ ಮನೆಯ ನಾಯಿ, ಯಾವ ಮನೆ ನಂಬರು ಅಂತ ಬರೆಯಬೇಡಿ.

ಪ್ರಶ್ನೆ (ದಿನಾ ವಾಕಿಂಗ್ ಬರುವ ಹಿರಿಯರು): ಡಾಕ್ಟ್ರೇ, ಬೆಳಿಗ್ಗೆ ಒಬ್ಬ ಹುಡುಗ ದೊಡ್ಡ ಲ್ಯಾಬ್ರಡಾರ್ ಕರ್ಕೊಂಡು ಬರ್ತಾನೆ. ಗೇಟ್ ಒಳಗೆ ಬಂದ ತಕ್ಷಣ ಬೆಲ್ಟ್ ಬಿಚ್ಚಿಬಿಡ್ತಾನೆ. ಕೇಳಿದ್ರೆ "ಏನೂ ಮಾಡಲ್ಲ ಅಂಕಲ್, ತುಂಬಾ ಫ್ರೆಂಡ್ಲಿ" ಅಂತಾನೆ. ನನಗೆ ಮಂಡಿ ಆಪರೇಷನ್ ಆಗಿದೆ. ಅದು ಓಡಿ ಬಂದ್ರೆ ಜೀವ ಬಾಯಿಗೆ ಬರುತ್ತೆ. ಇದಕ್ಕೊಂದು ನಿಯಮ ಇಲ್ವಾ?

ಉತ್ತರ: ಇದೆ ಸರ್. ನಿಮ್ಮ ಹೆದರಿಕೆಯಲ್ಲಿ ತಪ್ಪೇನೂ ಇಲ್ಲ. ಬೆಳೆದ ಲ್ಯಾಬ್ರಡಾರ್ 30 ಕೆ.ಜಿ. ತೂಗುತ್ತದೆ. ಅದು ಪ್ರೀತಿಯಿಂದ ಹಾರಿದರೂ ಆಪರೇಷನ್ ಆದ ಮಂಡಿಗೆ ಪೆಟ್ಟೇ. ಕಚ್ಚಿದರೆ ಮಾತ್ರ ಅಪಾಯ ಅಂತ ನಾಯಿ ಸಾಕಿದವರು ತುಂಬಾ ಜನ ಅಂದುಕೊಂಡಿದ್ದಾರೆ. ಓಡಿ ಬಂದ ನಾಯಿಯಿಂದ ಬಿದ್ದು ಸೊಂಟ ಮುರಿದುಕೊಂಡವರಿಗೆ ಆ ನಾಯಿ ಒಳ್ಳೆಯದೋ ಕೆಟ್ಟದ್ದೋ ಎನ್ನುವುದರಿಂದ ಏನಾಗಬೇಕು?

ಕಾನೂನೂ ಇದನ್ನೇ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ನೋಡಿ. ತನ್ನ ಹತ್ತಿರ ಇರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಆಗಬಹುದು, ತೀವ್ರ ಗಾಯ ಆಗಬಹುದು ಅಂತ ಇದ್ದಾಗ, ಬೇಕಾದಷ್ಟು ಎಚ್ಚರ ವಹಿಸದೆ ಇರುವುದೇ ಅಪರಾಧ. 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಇದೇ 289ನೇ ಸೆಕ್ಷನ್ ಆಗಿತ್ತು, ದಂಡ 1,000 ಮಾತ್ರ ಇತ್ತು. ನಾಯಿಯ ಸ್ವಭಾವ ಹೇಗಿದೆ ಅಂತ ಈ ಸೆಕ್ಷನ್ ಕೇಳುವುದಿಲ್ಲ. ಹಿಡಿದುಕೊಂಡವರು ಏನು ಮಾಡಿದರು ಅಂತ ಕೇಳುತ್ತದೆ.

ಅದಕ್ಕೇ ನಾನು ಯಾವಾಗಲೂ ಹೇಳುವುದು ಒಂದೇ. ಪಾರ್ಕಿನಲ್ಲಿ ನಾಯಿ ಬೆಲ್ಟಿನಲ್ಲಿರಬೇಕು, ಬೆಲ್ಟು ಕೈಯಲ್ಲಿರಬೇಕು. ಆ ಕೈ ನಾಯಿಯನ್ನು ಎಳೆದು ನಿಲ್ಲಿಸುವಷ್ಟು ಗಟ್ಟಿ ಇರಬೇಕು. ಎಂಟು ವರ್ಷದ ಮಗು ಲ್ಯಾಬ್ರಡಾರ್ ಹಿಡಿದುಕೊಂಡಿದ್ದರೆ ಅದು ಹಿಡಿದಂತೆ ಅಲ್ಲ. ಉದ್ದ ಐದಾರು ಅಡಿ ಸಾಕು. ಗುಂಡಿ ಒತ್ತಿದರೆ ಉದ್ದವಾಗುತ್ತಾ ಹೋಗುವ ದಾರದ ಬೆಲ್ಟು ನಮ್ಮ ಕಿಷ್ಕಿಂಧೆಯಂಥ ಪಾರ್ಕುಗಳಿಗೆ ಬೇಡ. ನಾಯಿ ಹದಿನೈದು ಅಡಿ ಮುಂದೆ ಹೋದ ಮೇಲೆ ನಿಲ್ಲಿಸಲು ಆಗುವುದಿಲ್ಲ. ಆ ತೆಳು ದಾರ ನಡೆಯುವವರ ಕಾಲಿಗೆ ಸುತ್ತಿಕೊಂಡರೆ ಚರ್ಮ ಕೊಯ್ಯುತ್ತದೆ.

ಆ ಹುಡುಗನಿಗೆ ಬೈಯಬೇಡಿ ಸರ್. "ನನಗೆ ಮಂಡಿ ಆಪರೇಷನ್ ಆಗಿದೆ ಮರಿ, ನಾನು ಇರುವ ಹೊತ್ತಿನಲ್ಲಾದರೂ ಕಟ್ಟಿಕೋ" ಅನ್ನಿ. ಮುಕ್ಕಾಲು ಪಾಲು ಜನ ಕೇಳುತ್ತಾರೆ. ಕೇಳದಿದ್ದರೆ ಸೆಕ್ಷನ್ ಇದ್ದೇ ಇದೆ.

ಪ್ರಶ್ನೆ (ಬೀಗಲ್ ಸಾಕಿದವರು): ಸರ್, ನಾನು ಬೆಲ್ಟ್ ಬಿಚ್ಚೋದೇ ಇಲ್ಲ. ಆದ್ರೂ ನಮ್ಮ ಅಸೋಸಿಯೇಷನ್‌ನವರು ಪಾರ್ಕ್ ಗೇಟಿಗೆ "ನಾಯಿಗಳಿಗೆ ಪ್ರವೇಶವಿಲ್ಲ" ಅಂತ ಬೋರ್ಡ್ ನೇತು ಹಾಕಿದ್ದಾರೆ. ಅವರಿಗೆ ಆ ಅಧಿಕಾರ ಇದ್ಯಾ?

ಉತ್ತರ: ಪಾರ್ಕು ಯಾರದ್ದು ಅಂತ ಮೊದಲು ನೋಡಬೇಕು ಮೇಡಂ. ಬಡಾವಣೆಯ ಪಾರ್ಕುಗಳು ಹೆಚ್ಚಿನವು ಪಾಲಿಕೆಯವು. ಮೊದಲು ಬಿಬಿಎಂಪಿ ಇತ್ತು. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಅಸೋಸಿಯೇಷನ್ ಗಿಡಕ್ಕೆ ನೀರು ಹಾಕಿಸಬಹುದು, ಕಾವಲಿನವರನ್ನು ಇಡಬಹುದು. ಆದರೆ ಸಾರ್ವಜನಿಕ ಪಾರ್ಕಿಗೆ ಯಾರು ಬರಬಹುದು, ಯಾರು ಬರಬಾರದು ಅಂತ ತಾನೇ ಕಾನೂನು ಮಾಡಲು ಬರುವುದಿಲ್ಲ. ಆ ಬೋರ್ಡಿನ ಹಿಂದೆ ಪಾಲಿಕೆಯ ಆದೇಶ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ.

ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯವು. ಅಲ್ಲಿನ ಲೆಕ್ಕ ಬೇರೆ. ಲಾಲ್‌ಬಾಗ್‌ಗೆ ಸಾಕುನಾಯಿ ಬಿಡುವುದಿಲ್ಲ. ಕಬ್ಬನ್ ಪಾರ್ಕಿಗೆ ಜನ ವರ್ಷಗಳಿಂದ ನಾಯಿ ಕರೆದೊಯ್ಯುತ್ತಿದ್ದಾರೆ. 2022ರಲ್ಲಿ ಇಲಾಖೆ ಅದನ್ನೂ ಜುಲೈ 1ರಿಂದ ನಿಲ್ಲಿಸುತ್ತೇವೆ ಅಂತ ಹೊರಟಿತ್ತು. ಕಾರಣ ಏನು ಗೊತ್ತಾ? ಬೆಲ್ಟ್ ಬಿಚ್ಚಿ ಬಿಡುತ್ತಾರೆ, ಹೇಸಿಗೆ ಎತ್ತುವುದಿಲ್ಲ ಅಂತ ಬಂದ ದೂರುಗಳು. ನಾಯಿ ಸಾಕಿದವರು, ಪ್ರಾಣಿಪ್ರಿಯರು ವಿರೋಧ ಮಾಡಿದ ಮೇಲೆ ಆ ನಿರ್ಧಾರ ಜಾರಿಯಾಗಲಿಲ್ಲ. ನಾಯಿ ಸಾಕಿದ ಎಲ್ಲರೂ ಇದನ್ನು ನೆನಪಿಟ್ಟುಕೊಳ್ಳಬೇಕು. ನಾಲ್ಕು ಜನ ಬೆಲ್ಟ್ ಬಿಚ್ಚಿದ್ದಕ್ಕೆ ನಿಮ್ಮಂಥವರೂ ಹೊರಗೆ ನಿಲ್ಲಬೇಕಾಗುತ್ತದೆ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ನಿವಾಸಿಗಳ ಸಂಘಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಪಾರ್ಕಿಗೆ ನಾಯಿ ಬರಲೇಬಾರದು ಅಂತ ನಿಷೇಧಿಸುವುದು ದೂರದೃಷ್ಟಿಯ ಕ್ರಮ ಅಲ್ಲ, ಬೇಕಾದರೆ ನಾಯಿಗೆ ಅಂತ ಸಮಯ ಗೊತ್ತು ಮಾಡಿಕೊಳ್ಳಿ ಎನ್ನುವುದು ಅದರ ಸಲಹೆ. ನನಗೂ ಇದೇ ಸರಿ ಅನಿಸುತ್ತದೆ. 2024ರಲ್ಲಿ ಬಿಬಿಎಂಪಿ ತನ್ನ ಪಾರ್ಕುಗಳ ಸಮಯವನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಹೆಚ್ಚಿಸಿತು. ಅಷ್ಟು ಹೊತ್ತಿನಲ್ಲಿ ಹಿರಿಯರು ನಡೆಯುವ, ಮಕ್ಕಳು ಆಡುವ ಹೊತ್ತು ಬಿಟ್ಟು ನಾಯಿಗೆ ಎರಡು ಗಂಟೆ ಹೊಂದಿಸುವುದು ಕಷ್ಟವಲ್ಲ. ಮಕ್ಕಳ ಆಟದ ಜಾಗಕ್ಕೆ ಮಾತ್ರ ಯಾವ ಹೊತ್ತಿನಲ್ಲೂ ನಾಯಿ ಬೇಡ. ಅದರಲ್ಲಿ ರಾಜಿ ಬೇಡವೇ ಬೇಡ.

ಪ್ರಶ್ನೆ (ಹೆಸರು ಬೇಡ ಎಂದವರು): ಪಾರ್ಕಿಗೆ ಬರೋ ಎಲ್ಲಾ ನಾಯಿಗೂ ಬಾಯಿಕುಕ್ಕೆ ಕಡ್ಡಾಯ ಮಾಡಿದ್ರೆ ಸಮಸ್ಯೆನೇ ಇರಲ್ಲ ಅಲ್ವಾ?

ಉತ್ತರ: ಸಂಘಗಳು ಹಾಗೆ ಒತ್ತಾಯ ಮಾಡುವಂತಿಲ್ಲ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಬೆಲ್ಟ್ ಹಾಕಿ ಅಂತ ಕೇಳಬಹುದು. ವೈದ್ಯನಾಗಿ ಒಂದು ಮಾತು: ನಾಯಿ ಬೆವರಿ ಮೈ ತಣ್ಣಗೆ ಮಾಡಿಕೊಳ್ಳುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಣಿಯಬೇಕು. ಬಟ್ಟೆಯ ಪಟ್ಟಿಯಲ್ಲಿ ಬಾಯಿ ಬಿಗಿದು ಬಿಸಿಲಿನಲ್ಲಿ ನಡೆಸಿದರೆ ಅದರ ಜೀವಕ್ಕೇ ಕುತ್ತು. ಹಿಂದೆ ಕಚ್ಚಿದ ನಾಯಿ ಇದ್ದರೆ ಮಾಲೀಕರೇ ಬುಟ್ಟಿಯಂಥ, ಒಳಗೆ ಬಾಯಿ ತೆರೆಯಲು ಜಾಗ ಇರುವ ಕುಕ್ಕೆ ಹಾಕಲಿ. ಅಂಥ ನಾಯಿಗೆ ಅದು ಬೇಕೇ ಬೇಕು.

ಪ್ರಶ್ನೆ: ಪಿಟ್‌ಬುಲ್, ರಾಟ್‌ವೈಲರ್ ಬ್ಯಾನ್ ಆಗಿದೆ ಅಂತಾರಲ್ಲ?

ಉತ್ತರ: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಬಗ್ಗೆ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದಾರೆ ಅಂತ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಆದರೆ ಹೊಣೆ ಹೋಗಿಲ್ಲ. ಬಲವಾದ ನಾಯಿ ಇಟ್ಟುಕೊಂಡವರಿಗೆ ಎಚ್ಚರ ಇನ್ನೂ ಜಾಸ್ತಿ ಬೇಕು.

ಪ್ರಶ್ನೆ (ಇಬ್ಬರು ಚಿಕ್ಕ ಮಕ್ಕಳ ತಾಯಿ): ಹುಲ್ಲಿನ ಮೇಲೆ ಮಕ್ಕಳನ್ನ ಬಿಡೋಕೆ ಆಗ್ತಿಲ್ಲ ಡಾಕ್ಟರ್. ಎಲ್ಲಾ ಕಡೆ ನಾಯಿ ಕಕ್ಕ. ಕೇಳಿದ್ರೆ "ಗೊಬ್ಬರ ಆಗುತ್ತೆ ಬಿಡಿ" ಅಂತಾರೆ.

ಉತ್ತರ: ಗೊಬ್ಬರ ಆಗುವುದಿಲ್ಲ. ಈ ಮಾತನ್ನು ಯಾರೂ ನಂಬಬೇಡಿ. ಹುಲ್ಲು ತಿನ್ನುವ ಹಸುವಿನ ಸಗಣಿಗೂ ಮಾಂಸ, ಮೊಟ್ಟೆ ತಿನ್ನುವ ನಾಯಿಯ ಹೇಸಿಗೆಗೂ ಹೋಲಿಕೆಯೇ ಇಲ್ಲ.

ಅದರಲ್ಲಿ ಏನಿರುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ನಿಜಕ್ಕೂ ಮಕ್ಕಳ ಆರೋಗ್ಯದ ವಿಷಯ. ನಾಯಿಯ ಹೊಟ್ಟೆಯಲ್ಲಿ ದುಂಡುಹುಳು ಇದ್ದರೆ ಅದರ ಮೊಟ್ಟೆಗಳು ಹೇಸಿಗೆಯಲ್ಲಿ ಬರುತ್ತವೆ. ಹಾಕಿದ ದಿನ ಆ ಮೊಟ್ಟೆಯಿಂದ ರೋಗ ಬರುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಬೆಳೆದ ಮೇಲೆ ಬರುತ್ತದೆ. ಅಷ್ಟರಲ್ಲಿ ಮಳೆ ಬಂದು ಹೇಸಿಗೆ ಕರಗಿ ಕಾಣದಂತಾಗಿರುತ್ತದೆ. ಮೊಟ್ಟೆ ಮಾತ್ರ ಮಣ್ಣಿನಲ್ಲೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುತ್ತದೆ. ಮಗು ಮಣ್ಣಾಡಿ ಕೈ ಬಾಯಿಗೆ ಇಟ್ಟರೆ ಒಳಗೆ ಹೋಗುತ್ತದೆ. ಮರಿಹುಳು ಕಣ್ಣಿಗೆ ಹೋದರೆ ದೃಷ್ಟಿಗೂ ತೊಂದರೆ ಆಗಬಹುದು. ಕೊಕ್ಕೆಹುಳು ಇನ್ನೊಂದು. ಅದರ ಮರಿ ತೇವದ ಮಣ್ಣಿನಿಂದ ನೇರವಾಗಿ ಬರಿಗಾಲಿನ ಚರ್ಮ ತೂರುತ್ತದೆ. ಚರ್ಮದ ಕೆಳಗೆ ಕೆಂಪು ಗೆರೆ ಎಳೆದ ಹಾಗೆ ಹರಿದು ವಿಪರೀತ ತುರಿಕೆ ಆಗುತ್ತದೆ. ಬೆಳಿಗ್ಗೆ ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆಯುವವರು ನಮ್ಮ ಪಾರ್ಕಿನಲ್ಲಿ ಎಷ್ಟು ಜನ ಇದ್ದಾರೆ, ನೋಡಿ.

ಹಾಗಾಗಿ "ಆಮೇಲೆ ಗುಡಿಸುತ್ತಾರೆ" ಅನ್ನುವುದು ಉಪಯೋಗವಿಲ್ಲ. ಬಿದ್ದ ತಕ್ಷಣ ಎತ್ತಬೇಕು. ಹಳೆ ಪೇಪರ್ ಸಾಕು, ಅಂಗಡಿಯಿಂದ ಏನೂ ತರಬೇಕಾಗಿಲ್ಲ. ಮನೆಗೆ ತಂದು ಟಾಯ್ಲೆಟ್ಟಿಗೆ ಹಾಕಿ ನೀರು ಬಿಡಿ. ಪೇಪರ್ ಟಾಯ್ಲೆಟ್ಟಿಗೆ ಹಾಕಬೇಡಿ. ಸಾಕುಪ್ರಾಣಿಯ ಗಲೀಜನ್ನು ಮಾಲೀಕರೇ ತೆಗೆಯಬೇಕು ಅಂತ ನಗರದ ಕಸ ನಿರ್ವಹಣೆಯ ಬೈಲಾ ಕೂಡ ಹೇಳುತ್ತದೆ. ಇದರ ಜೊತೆಗೆ ಮೂರು ತಿಂಗಳಿಗೊಮ್ಮೆ ನಾಯಿಗೆ ಜಂತುಹುಳದ ಔಷಧಿ ಕೊಡಿಸಿ. ಮರಿಗಳಿಗೆ ಇನ್ನೂ ಬೇಗ ಬೇಗ ಕೊಡಬೇಕು, ಅದನ್ನು ನಿಮ್ಮ ವೈದ್ಯರನ್ನೇ ಕೇಳಿ.

ಪ್ರತಿಕ್ರಿಯೆ (ಬೀಗಲ್ ಸಾಕಿದವರು): ಪೇಪರ್ ಹಾಕೋಕೆ ಪಾರ್ಕಲ್ಲಿ ಒಂದು ಡಬ್ಬಿನೂ ಇಲ್ಲ ಸರ್.

ಉತ್ತರ: ಇದು ನ್ಯಾಯವಾದ ಮಾತು. ಅಸೋಸಿಯೇಷನ್‌ನವರು ಆ ಬೋರ್ಡಿಗೆ ಕೊಟ್ಟ ದುಡ್ಡಿನಲ್ಲಿ ಮುಚ್ಚಳ ಇರುವ ಎರಡು ಡಬ್ಬಿ ಇಡಿಸಬಹುದಿತ್ತು. ಮುಂದಿನ ಸಭೆಯಲ್ಲಿ ಕೇಳಿ, ನಾನೂ ಬರುತ್ತೇನೆ.

ಪ್ರಶ್ನೆ (ನಿವಾಸಿಗಳ ಸಂಘದವರು): ಸಾಕಿದ ನಾಯಿ ಬಿಡಿ ಸರ್, ಪಾರ್ಕಲ್ಲೇ ಐದಾರು ಬೀದಿ ನಾಯಿ ಇವೆ. ಸುಪ್ರೀಂ ಕೋರ್ಟೇ ಹೇಳಿದೆಯಲ್ಲ, ಹಿಡಿಸಿ ಬೇರೆ ಕಡೆ ಬಿಡಿಸಬಹುದಾ?

ಉತ್ತರ: ಬಿಡಿಸುವಂತಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಚಿಕಿತ್ಸೆ ಆದ ನಾಯಿಯ ಕಿವಿಯ ತುದಿಯಲ್ಲಿ ಗುರುತಿಗೆ ಕತ್ತರಿಸಿರುತ್ತಾರೆ, ಗಮನಿಸಿ.

ಸುಪ್ರೀಂ ಕೋರ್ಟಿನ ವಿಷಯದಲ್ಲಿ ವಾಟ್ಸಾಪಿನಲ್ಲಿ ತುಂಬಾ ಗೊಂದಲ ಹರಿದಾಡುತ್ತಿದೆ. 2025ರ ಆಗಸ್ಟ್ 11ರ ಆದೇಶ ದೆಹಲಿ ಸುತ್ತಮುತ್ತಲಿನ ಬೀದಿ ನಾಯಿಗಳನ್ನು ಆಶ್ರಯತಾಣಕ್ಕೆ ಸಾಗಿಸಲು ಹೇಳಿತ್ತು. ಆಗಸ್ಟ್ 22ಕ್ಕೆ ಅದನ್ನು ಬದಲಿಸಿದರು. ಚಿಕಿತ್ಸೆ, ಲಸಿಕೆ ಆದ ಮೇಲೆ ಅದೇ ಜಾಗಕ್ಕೆ ಬಿಡಬೇಕು. ರೇಬಿಸ್ ಇರುವ, ಇದೆ ಅಂತ ಅನುಮಾನ ಇರುವ, ಮೈಮೇಲೆ ಬೀಳುವ ಸ್ವಭಾವದ ನಾಯಿಗಳನ್ನು ಬಿಡಬಾರದು. ಬೀದಿಯಲ್ಲಿ ಎಲ್ಲೆಂದರಲ್ಲಿ ಊಟ ಹಾಕಬಾರದು, ವಾರ್ಡಿನಲ್ಲಿ ಅದಕ್ಕೇ ಜಾಗ ಗುರುತಿಸಬೇಕು ಅಂತ ಆಯಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ-ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ತೆಗೆಯಿರಿ, ಮತ್ತೆ ಅಲ್ಲಿಗೇ ಬಿಡಬೇಡಿ ಅಂದರು. ಆ ಪಟ್ಟಿಯಲ್ಲಿ ಬಡಾವಣೆಯ ಪಾರ್ಕು ಇರಲಿಲ್ಲ.

ನಿಮ್ಮ ಕೈಯಲ್ಲಿ ಇರುವ ಕೆಲಸ ಬೇರೆ ಇದೆ. ಕಿವಿ ಗುರುತು ಇಲ್ಲದ ನಾಯಿ ಎಷ್ಟಿವೆ ಅಂತ ನೋಡಿ, ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಊಟ ಹಾಕುವವರ ಜೊತೆ ಕೂತು ಮಾತಾಡಿ. ಊಟದ ಜಾಗ ಮಕ್ಕಳು ಆಡುವ ಕಡೆ, ಗೇಟಿನ ಹತ್ತಿರ ಇರಬಾರದು ಅಂತ ನಿಯಮದಲ್ಲೇ ಇದೆ. ನಾಯಿ ಹಿಡಿಯುವಾಗ ಊಟ ಹಾಕುವವರು ಜೊತೆಗಿದ್ದರೆ ಕೆಲಸ ಅರ್ಧ ಸುಲಭ, ನಾಯಿ ಅವರನ್ನು ನಂಬುತ್ತದೆ. ಅವರನ್ನು ಶತ್ರು ಮಾಡಿಕೊಂಡ ಬಡಾವಣೆಯಲ್ಲಿ ಒಂದು ನಾಯಿಯೂ ವ್ಯಾನಿಗೆ ಹತ್ತುವುದಿಲ್ಲ. ಯಾರಾದರೂ ವಿಷ ಹಾಕುವ ಮಾತಾಡಿದರೆ ಅಲ್ಲೇ ತಡೆಯಿರಿ. ಪ್ರಾಣಿ ಕೊಂದರೆ, ಅಂಗ ಊನ ಮಾಡಿದರೆ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿ 5 ವರ್ಷದವರೆಗೆ ಜೈಲು.

ಪ್ರಶ್ನೆ: ನಾನು ಬೆಲ್ಟ್ ಹಾಕಿ ನನ್ನ ನಾಯಿ ಕರ್ಕೊಂಡು ಹೋಗ್ವಾಗ ಬೀದಿ ನಾಯಿಗಳು ಮುತ್ತಿಕೊಳ್ತವೆ. ಆಗಲಾದ್ರೂ ಬಿಚ್ಚಿಬಿಡಬಹುದಾ?

ಉತ್ತರ: ಬೇಡ. ಬಿಚ್ಚಿದರೆ ಅದು ರಸ್ತೆಗೆ ಓಡುತ್ತದೆ, ಇಲ್ಲವೇ ಜಗಳಕ್ಕೆ ಬೀಳುತ್ತದೆ. ಎತ್ತಿಕೊಳ್ಳಲೂ ಬೇಡಿ, ಹಾರುವ ನಾಯಿ ನಿಮ್ಮ ಮುಖಕ್ಕೇ ಬರುತ್ತದೆ. ಕೈಯಲ್ಲಿ ಕೊಡೆ ಇಟ್ಟುಕೊಂಡಿರಿ, ಅವುಗಳ ಕಡೆ ಪಟ್ಟನೆ ಬಿಚ್ಚಿ ಅಡ್ಡ ಹಿಡಿಯಿರಿ. ಬೆನ್ನು ತಿರುಗಿಸದೆ ನಿಧಾನವಾಗಿ ಅವುಗಳ ಜಾಗದಿಂದ ಹೊರಗೆ ಬನ್ನಿ. ಹೆಚ್ಚಿನ ನಾಯಿಗಳು ತಮ್ಮ ಗಡಿ ದಾಟಿ ಬರುವುದಿಲ್ಲ.

ಪ್ರಶ್ನೆ (ಮೊದಲ ಪ್ರಶ್ನೆ ಕೇಳಿದ ಹಿರಿಯರು): ಕೊನೇದಾಗಿ ಡಾಕ್ಟ್ರೇ, ಪಾರ್ಕಲ್ಲಿ ಸಾಕಿದ ನಾಯಿನೇ ಕಚ್ಚಿದ್ರೆ ಮೊದಲು ಪೊಲೀಸಾ, ಆಸ್ಪತ್ರೆನಾ?

ಉತ್ತರ: ಮೊದಲು ನಲ್ಲಿ ಸರ್. ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬೇಡಿ. ಆಮೇಲೆ ಅದೇ ದಿನ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಉಚಿತ. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7, 28ನೇ ದಿನ ಹೋಗಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದನ್ನೂ ಕೇಳಿ ಹಾಕಿಸಿಕೊಳ್ಳಿ. ಅರ್ಧಕ್ಕೆ ಬಿಡಬೇಡಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸುವ ಔಷಧಿ ಇಲ್ಲ.

ಮಾಲೀಕರಿಂದ ನಾಯಿಯ ಲಸಿಕೆ ಕಾರ್ಡಿನ ಫೋಟೊ ತೆಗೆದುಕೊಳ್ಳಿ. ಕಾರ್ಡ್ ಇದೆ ಅಂತ ಆಸ್ಪತ್ರೆ ತಪ್ಪಿಸಬೇಡಿ, ನಿಮಗೆ ಏನು ಬೇಕು ಅಂತ ಅಲ್ಲಿನ ವೈದ್ಯರು ಹೇಳಲಿ. ಆ ನಾಯಿಯನ್ನು 10 ದಿನ ಮನೆಯಲ್ಲೇ ಇಟ್ಟು ಗಮನಿಸಬೇಕು, ಬೇರೆ ಊರಿಗೆ ಕಳಿಸಬಾರದು. ಲಸಿಕೆ ಶುರು ಮಾಡಲು ಆ 10 ದಿನ ಕಾಯುವಂತಿಲ್ಲ.

ಇಷ್ಟೆಲ್ಲ ಆದ ಮೇಲೆ ಪೊಲೀಸ್ ಠಾಣೆ. ಆಸ್ಪತ್ರೆ ಚೀಟಿ, ಗಾಯದ ಫೋಟೊ, ನೋಡಿದವರ ಫೋನ್ ನಂಬರ್ ಜೊತೆಗಿರಲಿ. ನಾಯಿ ಬೆಲ್ಟಿನಲ್ಲಿ ಇತ್ತೋ ಇಲ್ಲವೋ ಅಂತ ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ, 291ನೇ ಸೆಕ್ಷನ್‌ಗೆ ಅದೇ ಮುಖ್ಯ. ದೂರಿನ ಒಂದು ನಕಲನ್ನು ಪಾಲಿಕೆಯ ಪಶುಪಾಲನಾ ವಿಭಾಗಕ್ಕೂ ಕೊಡಿ.