ಅಪ್ಪನ ಹಳೇ ಫೋನಿನ ಫೋಟೋ ನ್ಯಾಸ್‌ಗೆ ಹೋಗ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಬೆಟಗೇರಿ, ಗದಗ):
ನಮಸ್ಕಾರ ಸರ್. ಮನೆಯವರೆಲ್ಲರ ಫೋಟೋ ಒಂದೇ ಕಡೆ ಇರಲಿ ಅಂತ ಎರಡು ಡಿಸ್ಕಿನ ನೆಟ್‌ವರ್ಕ್ ಸ್ಟೋರೇಜ್ ಡಬ್ಬಿ, ಅದೇ ನ್ಯಾಸ್ ಅಂತಾರಲ್ಲ, ತಂದು ರೂಟರಿಗೆ ಜೋಡಿಸಿದ್ದೇವೆ. ನನ್ನ ಫೋನಿನ ಫೋಟೋ ತಾವಾಗೇ ಹೋಗುತ್ತಿವೆ. ತೊಂದರೆ ಅಪ್ಪನ ಫೋನಿನದು. ಆಂಡ್ರಾಯ್ಡ್ 4.4. ನ್ಯಾಸ್ ಆ್ಯಪ್ ಅದರಲ್ಲಿ ಇನ್‌ಸ್ಟಾಲ್ ಆಗುವುದೇ ಇಲ್ಲ. ಫೈಲ್ ಮ್ಯಾನೇಜರಿನ 'ಲ್ಯಾನ್' ಒಳಗೆ ಹೋದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಅದೇ ಪಾಸ್‌ವರ್ಡ್ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಎಸ್‌ಎಂಬಿ1 ಆನ್ ಮಾಡಿ ಅಂತ ಒಬ್ಬರು ಹೇಳಿದರು. ಮಾಡಬಹುದಾ? ಸುಮಾರು ಒಂಬತ್ತು ಸಾವಿರ ಫೋಟೋ ಇವೆ. ಹೊಸ ಫೋನ್ ಅಂದರೆ ಅಪ್ಪ ಒಪ್ಪುವುದಿಲ್ಲ. ಹಿಂದಿನ ಮುಚ್ಚಳ ಎದ್ದಿದೆ, ರಬ್ಬರ್ ಬ್ಯಾಂಡ್ ಹಾಕಿಕೊಂಡು ಓಡಾಡುತ್ತಾರೆ!

ಉತ್ತರ (ಹುಬ್ಬಳ್ಳಿ, ಅಂಗಡಿ-ಆಫೀಸುಗಳಿಗೆ ನೆಟ್‌ವರ್ಕ್ ಹಾಕುವವನು):
ಅಕ್ಕಾರ, ನ್ಯಾಸ್ ವಿಷಯ ಆಮೇಲೆ. ಮೊದಲು ಆ ರಬ್ಬರ್ ಬ್ಯಾಂಡ್. ಮುಚ್ಚಳ ಸುಮ್ನೆ ಏಳುವುದಿಲ್ಲ, ಒಳಗೆ ಬ್ಯಾಟರಿ ಉಬ್ಬಿರಬೇಕು. ಇವತ್ತಿನಿಂದ ಚಾರ್ಜಿಗೆ ಹಾಕಬೇಡಿ, ಫೋನ್ ಆಫ್ ಮಾಡಿ. ಆ ಕಾಲದ ಬಹಳ ಫೋನುಗಳಲ್ಲಿ ಬ್ಯಾಟರಿ ಕೈಯಲ್ಲೇ ಬಿಚ್ಚಬಹುದು. ಬಿಚ್ಚಿ ಮೇಜಿನ ಮೇಲಿಟ್ಟು ತಿರುಗಿಸಿ, ಬುಗುರಿ ಹಾಗೆ ತಿರುಗಿದರೆ ಉಬ್ಬಿದೆ ಅಂತಲೇ ಅರ್ಥ. ಒತ್ತಬೇಡಿ, ಚುಚ್ಚಬೇಡಿ, ಕಸದ ಗಾಡಿಗೂ ಹಾಕಬೇಡಿ. ರಿಪೇರಿ ಅಂಗಡಿಗೆ ಕೊಟ್ಟು ಹೊಸದು ಹಾಕಿಸಿ.

ಇನ್ನು ಪಾಸ್‌ವರ್ಡ್. ಅದು ತಪ್ಪಿಲ್ಲ, ಫೋನಿಗೆ ಬೇರೆ ನೆಪ ಹೇಳಲು ಬರುವುದಿಲ್ಲ, ಅಷ್ಟೇ. ಎಸ್‌ಎಂಬಿ ಅಂದರೆ ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಭಾಷೆ. ಹಳೇ ಫೈಲ್ ಮ್ಯಾನೇಜರುಗಳಿಗೆ ಅದರ ಮೊದಲ ಆವೃತ್ತಿ, ಅಂದರೆ ಎಸ್‌ಎಂಬಿ1, ಮಾತ್ರ ಗೊತ್ತು. ಹೊಸ ಡಬ್ಬಿಗಳು ಅದಕ್ಕೆ ಬಾಗಿಲು ತೆಗೆಯುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಜಗತ್ತಿನ ತುಂಬ ಕಂಪ್ಯೂಟರುಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತು, ನೆನಪಿದೆಯಾ? ವಿಂಡೋಸಿನ ಎಸ್‌ಎಂಬಿ1ರ ಒಂದು ತೂತಿನಿಂದಲೇ ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿದ್ದು. ಅದೇ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಎಸ್‌ಎಂಬಿ1 ಬರುವುದು ನಿಂತಿತು. ಬಹಳ ನ್ಯಾಸ್‌ಗಳ ಒಳಗಿರುವ, ಫೈಲ್ ಹಂಚುವ ಸಾಂಬಾ ಅನ್ನುವ ಸಾಫ್ಟ್‌ವೇರ್ ಕೂಡ 2019ರ 4.11ನೇ ಆವೃತ್ತಿಯಲ್ಲಿ ಅದನ್ನು ಆಫ್ ಇಟ್ಟಿತು. ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಫೋನ್ ಒಳಗೆ ಬರುತ್ತದೆ, ನಿಜ. ಆದರೆ ಒಂದು ಫೋನಿಗಾಗಿ ಇಡೀ ಮನೆಯ ಫೋಟೋ ಇರುವ ಡಬ್ಬಿಯ ಅಗುಳಿ ತೆಗೆದಿಡುವುದು ನನಗೆ ಸರಿ ಅನ್ನಿಸುವುದಿಲ್ಲ.

ಒಂಬತ್ತು ಸಾವಿರ ಫೋಟೋಗೆ ವೈಫೈ ಮರೆತುಬಿಡಿ. ಮೆಮೊರಿ ಕಾರ್ಡ್ ಇದ್ದರೆ ತೆಗೆದು ರೀಡರಿಗೆ ಹಾಕಿ, ಲ್ಯಾಪ್‌ಟಾಪಿನಿಂದ ನ್ಯಾಸ್‌ಗೆ ಕಾಪಿ ಮಾಡಿ. ಇದಕ್ಕೆ ಬ್ಯಾಟರಿಯೂ ಬೇಡ. ಫೋನಿನ ಒಳಗಿನವು ಹೊಸ ಬ್ಯಾಟರಿ ಬಂದ ಮೇಲೆ ಕೇಬಲ್ಲಿನಲ್ಲಿ. ಒಮ್ಮೆಗೇ ಎಳೆದರೆ ನಡುವೆ ನಿಂತುಬಿಡುತ್ತದೆ, ಐನೂರರಂತೆ ಎಳೆಯಿರಿ. ಕ್ಯಾಮೆರಾ ಫೋಟೋ ಇರುವ 'ಡಿಸಿಐಎಂ' ಫೋಲ್ಡರಿನ ಜೊತೆ ವಾಟ್ಸ್ಆ್ಯಪ್ ಫೋಲ್ಡರನ್ನೂ ತೆಗೆದುಕೊಳ್ಳಿ. 2025ರ ಜನವರಿಯಿಂದ ಆಂಡ್ರಾಯ್ಡ್ 4.4ರಲ್ಲಿ ವಾಟ್ಸ್ಆ್ಯಪ್ ನಡೆಯುತ್ತಿಲ್ಲ, ಆದರೆ ಬಂದ ಫೋಟೋಗಳು ಫೋಲ್ಡರಿನಲ್ಲೇ ಇರುತ್ತವೆ.

ಮುಂದೆ ಅಪ್ಪ ತೆಗೆಯುವ ಹತ್ತಿಪ್ಪತ್ತು ಫೋಟೋಗೆ ಎಫ್‌ಟಿಪಿ, ಅಂದರೆ ಫೈಲ್ ಕಳಿಸುವ ಇನ್ನೊಂದು ಹಳೇ ವಿಧಾನ, ಸಾಕು. ನ್ಯಾಸ್‌ನಲ್ಲಿ ಅಪ್ಪನಿಗೇ ಬೇರೆ ಯೂಸರ್ ಮಾಡಿ, ಒಂದೇ ಫೋಲ್ಡರಿಗೆ ಅನುಮತಿ ಕೊಡಿ. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಚ್ಚಿಡದೇ ಹೋಗುತ್ತದೆ, ಅದಕ್ಕೇ ನಿಮ್ಮ ಪಾಸ್‌ವರ್ಡ್ ಅಲ್ಲಿ ಹಾಕಬೇಡಿ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್, ಅಂದರೆ ಹೊರಗಿನ ಇಂಟರ್ನೆಟ್ಟಿನಿಂದ ಡಬ್ಬಿಗೆ ದಾರಿ ತೆಗೆಯುವುದು, ಅಂತೂ ಬೇಡವೇ ಬೇಡ.

ಪ್ರಶ್ನೆ (ಹಾವೇರಿ):
ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ನಾನೂ ಹೀಗೇ ಕಾಪಿ ಮಾಡಿದೆ. 2015ರ ಮದುವೆ ಫೋಟೋ ಎಲ್ಲ ಇವತ್ತಿನ ತಾರೀಖಿಗೆ ಬಂದು ಕೂತಿವೆ. ಮತ್ತೆ, ಎರಡು ಡಿಸ್ಕ್ ಮಿರರ್ ಇದೆ, ಅಂದರೆ ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುತ್ತದೆ, ಬ್ಯಾಕಪ್ ಆಯಿತಲ್ವಾ?

ಉತ್ತರ:
ಕಾಪಿ ಮಾಡುವಾಗ ಫೈಲಿನ ತಾರೀಖು ಬದಲಾಗುವುದುಂಟು. ಕ್ಯಾಮೆರಾ ಬರೆದ ತಾರೀಖು ಫೋಟೋದ ಒಳಗೆ 'ಎಕ್ಸಿಫ್'ನಲ್ಲಿ ಹಾಗೇ ಇರುತ್ತದೆ, ನ್ಯಾಸ್ ಫೋಟೋ ಆ್ಯಪ್ ಅದನ್ನು ಓದಿ ಜೋಡಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋಗಳದು ಬೇರೆ ಕಥೆ, ಅದು ಎಕ್ಸಿಫ್ ಕಿತ್ತುಹಾಕಿರುತ್ತದೆ. ಆದರೆ ಹೆಸರಿನಲ್ಲೇ 20150512 ಅಂತ ವರ್ಷ, ತಿಂಗಳು, ದಿನ ಇರುತ್ತದೆ. ಹೆಸರು ಮಾತ್ರ ಬದಲಿಸಬೇಡಿ.

ಮಿರರ್ ಬ್ಯಾಕಪ್ ಅಲ್ಲ ರೀ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೆಲಸ ನಿಲ್ಲಿಸುವುದಿಲ್ಲ, ಅಷ್ಟೇ. ನೀವು ತಪ್ಪಿ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಹೋಗುತ್ತದೆ. ಮಳೆಗಾಲದಲ್ಲಿ ಸಿಡಿಲು ಹೊಡೆದರೂ ಅಷ್ಟೇ, ಡಬ್ಬಿ ಒಂದೇ ಅಲ್ವಾ. ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ಡಬ್ಬಿಗೆ ಸಣ್ಣ ಯುಪಿಎಸ್ ಕೂಡ ಬೇಕು, ಬರೆಯುವಾಗ ಕರೆಂಟ್ ಹೋದರೆ ಫೈಲ್ ಹಾಳಾಗಬಹುದು.

ಪ್ರಶ್ನೆ (ಬೆಟಗೇರಿ, ಗದಗ):
ಸರ್, ಬುಗುರಿ ಹಾಗೇ ತಿರುಗಿತು! ಕಾರ್ಡ್ ತೆಗೆದು ಕಾಪಿ ಮಾಡಿದೆ. ಆರು ಸಾವಿರ ಚಿಲ್ಲರೆ ಬಂದವು. ಅಪ್ಪ ಪಕ್ಕದಲ್ಲೇ ಕೂತು, "ಸಿದ್ಧಾರೂಢರ ಜಾತ್ರಿ ಫೋಟೋ ಎಲ್ಲ್ಯಾವ?" ಅಂತ ಕೇಳ್ತಾನೇ ಇದ್ದಾರೆ. ಹೋದವಾ?

ಉತ್ತರ:
ಹೋಗಿರುವ ಸಾಧ್ಯತೆ ಕಡಿಮೆ. ಕ್ಯಾಮೆರಾ ಸೆಟ್ಟಿಂಗ್ ಒಮ್ಮೆ ಕಾರ್ಡಿಗೆ, ಒಮ್ಮೆ ಫೋನಿಗೆ ಅಂತ ಬದಲಾಗಿದ್ದರೆ ಫೋಟೋ ಎರಡು ಕಡೆ ಹಂಚಿಹೋಗಿರುತ್ತವೆ. ಉಳಿದವು ಫೋನಿನ ಒಳಗಿರಬೇಕು. ಬ್ಯಾಟರಿ ಹಾಕಿ ನೋಡುವತನಕ ಕಾರ್ಡಿನಿಂದ ಒಂದೂ ಅಳಿಸಬೇಡಿ. ಆಮೇಲೂ ನ್ಯಾಸ್‌ನಲ್ಲಿ ಅಲ್ಲೊಂದು ಇಲ್ಲೊಂದು ಫೋಟೋ ದೊಡ್ಡದು ಮಾಡಿ ತೆರೆದು ನೋಡಿ. ಚಿಕ್ಕ ಚಿತ್ರ ಕಂಡಿತು ಅಂತ ನಂಬಬೇಡಿ.

ಪ್ರಶ್ನೆ (ಬೆಟಗೇರಿ, ಗದಗ):
ಥ್ಯಾಂಕ್ಸ್ ರೀ ಸರ್. ಬ್ಯಾಟರಿ ಸೋಮವಾರ ಬರುತ್ತದಂತೆ. ಅಲ್ಲಿತನಕ ಫೋನೂ ರಬ್ಬರ್ ಬ್ಯಾಂಡೂ ನನ್ನ ಕಪಾಟಿನಲ್ಲಿವೆ. ಅಪ್ಪ ಮಾತು ಬಿಟ್ಟಿದ್ದಾರೆ.