ಭೋಸರಿಯ ಪ್ಲೇಟಿಂಗ್ ಶಾಪಿನಾಗ ಆಸಿಡ್, ಸೈನೈಡ್ ಇಡೋದು ಹೆಂಗ?

ಕೇಳಿದವರು: ಪುಣೆ ಹತ್ರದ ಭೋಸರಿ ಎಂಐಡಿಸಿಯಲ್ಲಿ (ಕೈಗಾರಿಕಾ ಪ್ರದೇಶ) 18 ಮಂದಿಯ ಝಿಂಕ್ ಪ್ಲೇಟಿಂಗ್ (ಸತುವಿನ ಲೇಪ ಹಾಕೋ) ಶಾಪ್. ಕಲಬುರಗಿ, ವಿಜಯಪುರ ಕಡೆಯ ಹುಡುಗರೇ ಹೆಚ್ಚು. ಸೈನೈಡ್ ಬಾತ್ (ಮಾಲು ಅದ್ದೋ ತೊಟ್ಟಿ), ಪಿಕ್ಲಿಂಗಿಗೆ (ತುಕ್ಕು ತೆಗೆಯೋಕ) ಹೈಡ್ರೋಕ್ಲೋರಿಕ್ ಆಸಿಡ್, ಇಟಿಪಿಗೆ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಹೈಪೋ (ಸೋಡಿಯಂ ಹೈಪೋಕ್ಲೋರೈಟ್), ಎಲ್ಲಾ ಒಂದೇ ಶೆಡ್ಡಿನಾಗ. ಗ್ಲೌಸ್, ಮಾಸ್ಕ್ ಕೊಟ್ಟಾಗೇದ. ಮಾಲೀಕರು ಇನ್ನೇನು ಮಾಡಬೇಕು? ತಿಳಿದವರು ಹೇಳ್ರಿ.

ಪ್ಲೇಟಿಂಗ್ ಕೆಮಿಸ್ಟ್, ಚಿಂಚವಡ: ಗ್ಲೌಸ್ ಕೊನೀ ಮಾತು ರೀ, ಮೊದಲು ಡ್ರಮ್ಮಿನ ಜಾಗ ಬದಲಿಸ್ರಿ. ಸೈನೈಡಿಗೆ ಆಸಿಡ್ ತಾಗಿದ್ರ ಹೈಡ್ರೋಜನ್ ಸೈನೈಡ್ ಅನ್ನೋ ವಿಷ ಅನಿಲ ಏಳ್ತದ. ಕಹಿ ಬಾದಾಮಿ ವಾಸನಿ ಅಂತಾರ, ಆದ್ರ ಎಷ್ಟೋ ಮಂದಿ ಮೂಗಿಗೆ ಅದು ಹತ್ತೋದೇ ಇಲ್ಲ. ಹೈಪೋಗೆ ಆಸಿಡ್ ಬಿದ್ರ ಕ್ಲೋರಿನ್, ಅದೂ ವಿಷ ಅನಿಲ. ಹಂಗಾಗಿ ಮೂರಕ್ಕೂ ನಡುವೆ ಗೋಡೆ, ಸೋರಿದ್ದು ಹರಿದು ಹೋಗದಂಗ ಸುತ್ತಲೂ ಬೇರೆ ಬೇರೆ ಕಟ್ಟೆ. ಕಟ್ಟೆಯೊಳಗ ದೊಡ್ಡ ಡ್ರಮ್ಮಿನ 110% ಹಿಡೀಬೇಕು, ಅಂದ್ರ 200 ಲೀಟರಿಗೆ 220. ಕಟ್ಟೆ ಬೇರೆ ಮಾಡಿ ಗಟಾರ ಮಾತ್ರ ಒಂದೇ ಇಟ್ಟಿರ್ತಾರ, ಎಡವೋದು ಅಲ್ಲೇ. ಸೈನೈಡ್ ಖೋಲಿಗೆ ಕೀಲಿ, ಲೆಕ್ಕದ ವಹಿ, ಕೀಲಿಕೈ ಒಬ್ಬರ ಕೈಯಾಗ. ಪಿಕ್ಲಿಂಗ್ ಆದ ಮಾಲು ಎರಡು ಸಲ ನೀರಾಗ ಅದ್ದಿ ತೆಗೀದೆ ಸೈನೈಡ್ ಬಾತಿಗೆ ಬಿಡಬ್ಯಾಡ್ರಿ. ಪೈಪಿನಂಥ ಟೊಳ್ಳು ಪಾರ್ಟಿನ ಹೊಟ್ಟೆಯೊಳಗ ಆಸಿಡ್ ನಿಂತಿರ್ತದ, ಓರೆ ಹಿಡಿದು ಬಸೀರಿ.

ಸೇಫ್ಟಿ ಆಫೀಸರ್, ಚಾಕಣ: ಕಾಗದದ ಕೆಲಸಾನೂ ಅದ. 1984ರ ಭೋಪಾಲ ದುರಂತದ ನಂತರ, 1987ರಲ್ಲಿ, ಆಗಿನ ಕಾರ್ಖಾನೆ ಕಾಯ್ದೆಗೆ ಸೇರಿಸಿದ ಕರ್ತವ್ಯಗಳಿವು: ಅಪಾಯ ಏನಂತ ಕಾರ್ಮಿಕರಿಗೆ ತಿಳಿಸೋದು, ಕೆಲಸಕ್ಕೆ ಹಚ್ಚೋ ಮೊದಲು ಮತ್ತು 12 ತಿಂಗಳು ಮೀರದಂತೆ ಆರೋಗ್ಯ ತಪಾಸಣೆ, ಅದರ ದಾಖಲೆ. ಕಾಂಟ್ರ್ಯಾಕ್ಟ್ ಹುಡುಗರನ್ನ ಬಿಡಬ್ಯಾಡ್ರಿ. ಸರಬರಾಜುದಾರರಿಂದ ಪ್ರತಿ ಕೆಮಿಕಲ್ಲಿನ ಸೇಫ್ಟಿ ಡೇಟಾ ಶೀಟ್ ತರಿಸ್ರಿ. 16 ಭಾಗ ಇರ್ತಾವ. ಅದರೊಳಗ 4 (ಪ್ರಥಮ ಚಿಕಿತ್ಸೆ), 7 (ಶೇಖರಣೆ), 8 (ರಕ್ಷಣಾ ಸಾಧನ), 10 (ಯಾವುದರ ಜೋಡಿ ಇಡಬಾರದು) ಇಷ್ಟನ್ನ ಒಂದು ಹಾಳೆಗೆ ಇಳಿಸಿ ಕನ್ನಡ, ಹಿಂದಿ, ಮರಾಠಿಯಲ್ಲಿ ಬಾತಿನ ಹತ್ರ ಅಂಟಿಸ್ರಿ. ಇಂಗ್ಲಿಷ್ ಫೈಲು ಆಫೀಸ್ ಕಪಾಟಿನೊಳಗ ಇದ್ರ ಇನ್ಸ್‌ಪೆಕ್ಟರಿಗಷ್ಟೇ ಉಪಯೋಗ. ಸುರುವಿಕೊಂಡ ಕ್ಯಾನಿಗೂ ಲೇಬಲ್ ಬೇಕು, ಕುಡಿಯೋ ನೀರಿನ ಬಾಟಲಿ ಅಂತೂ ಬ್ಯಾಡೇ ಬ್ಯಾಡ.

ಕೇಳಿದವರು: ಮಾಸ್ಕ್ ಬಿಳಿ ಧೂಳಿನದು. ನಡೀತದಾ?

ಪ್ಲೇಟಿಂಗ್ ಕೆಮಿಸ್ಟ್: ಇಲ್ಲ. ಅದು ಕಣ ಹಿಡೀತದ, ಅನಿಲ ಹಿಡಿಯೋದಿಲ್ಲ. ಕಾರ್ಟ್ರಿಜ್ ಮಾಸ್ಕ್ (ಅನಿಲ ಹೀರೋ ಡಬ್ಬಿ ಇರೋದು) ಬೇಕು. ಆದ್ರೂ ಸೈನೈಡ್ ಅನಿಲ ಸೋರಿದಾಗ ಅದನ್ನ ನಂಬಿ ಒಳಗ ಹೋಗೋ ಹಂಗಿಲ್ಲ, ಎಲ್ಲರೂ ಹೊರಗ. ಬಿದ್ದವರಿಗೆ ಬಾಯಿಂದ ಬಾಯಿಗೆ ಉಸಿರು ಕೊಡಬಾರದು. ಇಟಿಪಿಯಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 10ರ ಮೇಲೆ ಏರಿಸಿದ ಮೇಲೇ ಹೈಪೋ ಹಾಕ್ರಿ, ಕಡಿಮೆ ಇದ್ರ ಸೈನೋಜೆನ್ ಕ್ಲೋರೈಡ್ ಅನ್ನೋ ವಿಷ ಅನಿಲ ಹೊರಬೀಳ್ತದ.

ಸೇಫ್ಟಿ ಆಫೀಸರ್: ಕಣ್ಣು ತೊಳೆಯೋ ನಲ್ಲಿ 10 ಸೆಕೆಂಡ್ ನಡಿಗೆಯೊಳಗ ಇರಲಿ, 15 ನಿಮಿಷ ಸತತ ನೀರು ಬರಬೇಕು. ತಗಡಿನ ಮಾಡಿನ ಮ್ಯಾಲಿನ ಪೈಪಿನ ನೀರು ಏಪ್ರಿಲಿನಾಗ ಸುಡ್ತದ, ನೆರಳಿನಾಗ ಎಳಸ್ರಿ. ವಾರಕ್ಕೊಮ್ಮೆ ತುಕ್ಕಿನ ಕೆಂಪು ಹೋಗೋ ತನಕ ಬಿಟ್ಟು ನೋಡ್ರಿ.