ಮಂಡಗದ್ದೆಯ ಬೆಳ್ಳಕ್ಕಿ ಬರೀ ಬಿಳಿ ಕಲೆಯಾಗಿ ಬರುತ್ತಿದೆ, ಏನು ಮಾಡಲಿ?

ಬಯಲುಸೀಮೆಯವಳು:
ಎಲ್ಲರಿಗೂ ನಮಸ್ಕಾರ. ಬ್ಯಾಂಕಿನ ವರ್ಗಾವಣೆಯ ಮೇಲೆ ಗದಗದಿಂದ ಶಿವಮೊಗ್ಗಕ್ಕೆ ಬಂದಿದ್ದೇನೆ. ಊರಿನಲ್ಲಿದ್ದಾಗ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಫೋಟೊ ತೆಗೆದೇ ಕ್ಯಾಮೆರಾ ಕಲಿತದ್ದು. ಅಲ್ಲಿ ಬಿಸಿಲಿಗೆ ಬರವಿಲ್ಲ. ಇಲ್ಲಿ ಉತ್ತರೆ ಮಳೆ ಮುಗಿಯುತ್ತ ಬಂದರೂ ಆಕಾಶ ತೆರೆದಿಲ್ಲ. ತುಂಗಾ ನದಿಯ ನಡುಗಡ್ಡೆಯ ಪಕ್ಷಿಧಾಮವಾದ ಮಂಡಗದ್ದೆಯಲ್ಲಿ ತೆಗೆದ ಬೆಳ್ಳಕ್ಕಿಗಳೆಲ್ಲ ಗರಿಯೇ ಕಾಣದ ಬಿಳಿ ಕಲೆಗಳಾಗಿವೆ, ಹಿಂದಿನ ಮರ ಮಾತ್ರ ಚೆನ್ನಾಗಿ ಬಂದಿದೆ. ದೂರದ್ದನ್ನು ಹತ್ತಿರ ತೋರಿಸುವ 150-600 ಎಂಎಂ ಲೆನ್ಸ್, ಸೆಕೆಂಡ್ ಹ್ಯಾಂಡ್.

ಇನ್ನೊಂದು ವಿಷಯ. ದಾರಿಯ ಹಳ್ಳವೊಂದರಲ್ಲಿ ಬಾಲ ಕುಣಿಸುವ ಹಕ್ಕಿ ಕಂಡಿತು. ಬೆನ್ನು ಬೂದು, ಬಾಲದ ಬುಡದಲ್ಲಿ ಹಳದಿ. ಹತ್ತಿರ ಹೋದಷ್ಟೂ ಮುಂದಕ್ಕೆ ಹಾರಿತು. ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ತಾನೇ ಬರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಹಾಗೆ ಮಾಡಬಹುದೇ?

ಮೋಡದ ಬೆಳಕು:
ರಾ ಫೈಲ್‌ನಲ್ಲಿ (ಕ್ಯಾಮೆರಾ ಕಂಡದ್ದನ್ನು ತಿದ್ದದೆ ಉಳಿಸುವ ಕಡತ) ತೆಗೆಯಿರಿ, ಆಮೇಲೆ ಕಂಪ್ಯೂಟರಿನಲ್ಲಿ ಬಿಳುಪನ್ನು ಇಳಿಸಿಕೊಳ್ಳಬಹುದು. ಜೆಪೆಗ್‌ನಲ್ಲಿ ಆ ಅವಕಾಶ ಕಡಿಮೆ.

ತುಂಗೆಯ ದಂಡೆ:
ಮೇಡಂ, ಮೇಲಿನವರು ಹೇಳಿದ್ದು ಅರ್ಧ ಸರಿ. ಪೂರ್ತಿ ಬೆಳ್ಳಗಾಗಿ ಹೋದ ಗರಿಯನ್ನು ಯಾವ ರಾ ಫೈಲೂ ತಂದುಕೊಡುವುದಿಲ್ಲ. ತೆಗೆಯುವಾಗಲೇ ಉಳಿಸಿಕೊಳ್ಳಬೇಕು.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಕೃಷಿಕ. ತೋಟಕ್ಕೆ ಔಷಧಿ ಹೊಡೆಸಿ ಮುಗಿದ ಮೇಲೆ, ಕೊಯ್ಲು ಶುರುವಾಗುವ ಮುಂಚೆ ಸಿಗುವ ಬಿಡುವಿನಲ್ಲಿ ನನ್ನ ಫೋಟೊಗ್ರಫಿ. ಮಂಡಗದ್ದೆಯ ನಡುಗಡ್ಡೆ ಎಕರೆಗಿಂತ ತುಸು ದೊಡ್ಡದು, ಅಷ್ಟೇ. ಅದರ ತುಂಬ ನೆನೆದು ಕಪ್ಪಾದ ಮರಗಳು. ನಿಮ್ಮ ಚೌಕಟ್ಟಿನ ಬಹುಪಾಲನ್ನು ಆ ಮರಗಳೇ ತುಂಬಿರುತ್ತವೆ. ಕ್ಯಾಮೆರಾ ಅದನ್ನು ನೋಡಿ ಬೆಳಕು ಸಾಲದೆಂದು ತಿಳಿದು ಇಡೀ ಚಿತ್ರವನ್ನು ಬೆಳಗಿಸುತ್ತದೆ. ಮರ ಚೆನ್ನಾಗಿ ಬರುತ್ತದೆ, ಬೆಳ್ಳಕ್ಕಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಏರಿಳಿಸುವ ಸೌಲಭ್ಯ) ಮೈನಸ್ 1ಕ್ಕೆ ಇಡಿ, ಬಿಸಿಲು ಬಿದ್ದರೆ ಇನ್ನೂ ಇಳಿಸಿ. ಅತಿ ಬಿಳುಪಾದ ಜಾಗ ಮಿನುಗುವ ಸೂಚನೆ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನು ಹಾಕಿಕೊಳ್ಳಿ. ಹಕ್ಕಿಯ ಬೆನ್ನು ಮಿನುಗುವುದು ನಿಲ್ಲುವವರೆಗೆ ಇಳಿಸುತ್ತ ಹೋಗಿ. ಮರ ಕಪ್ಪಾದರೆ ಆಗಲಿ, ಅದರ ಮೇಲೆ ಬೆಳ್ಳಕ್ಕಿ ಇನ್ನೂ ಚೆಂದ. ಅದೇ ಹಕ್ಕಿ ಮೋಡದ ಆಕಾಶಕ್ಕೆ ಎದುರಾಗಿ ಹಾರಿದರೆ ಲೆಕ್ಕ ಉಲ್ಟಾ. ಆಗ ಪ್ಲಸ್ 1. ನೀರುಕಾಗೆ, ಹಾವಕ್ಕಿ ಆಕಾಶಕ್ಕೆ ಎದುರಾದರೆ ಅದಕ್ಕಿಂತಲೂ ಹೆಚ್ಚು ಬೇಕಾಗಬಹುದು.

ಮೋಡವೆಂದು ಬೇಸರ ಬೇಡ. ನೆತ್ತಿಯ ಬಿಸಿಲಿನಲ್ಲಿ ಬಿಳಿ ಹಕ್ಕಿಯ ಗರಿ ಯಾವನಿಗೂ ಸಿಗುವುದಿಲ್ಲ. ಬೆಳಕು ಸಾಲದಾಗ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600, 3200ಕ್ಕೆ ಏರಿಸಲು ಹೆದರಬೇಡಿ. ಅದರಿಂದ ಕಾಳು ಕಾಳಾದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ್ದನ್ನು ಆಗುವುದಿಲ್ಲ. ಎರಡು ಕಿಲೋ ಹತ್ತಿರದ ಲೆನ್ಸನ್ನು ಕೈಯಲ್ಲೇ ಹಿಡಿದು ನಿಲ್ಲುವ ಶೂರತನವೂ ಬೇಡ. ಬಟ್ಟೆಯ ಚೀಲಕ್ಕೆ ರಾಗಿ ತುಂಬಿ ಬಾಯಿ ಹೊಲಿಸಿ, ವೀಕ್ಷಣಾ ಗೋಪುರದ ಕಟ್ಟೆಯ ಮೇಲೆ ಇಟ್ಟು ಲೆನ್ಸ್ ಕೂರಿಸಿ.

ಶಿವಮೊಗ್ಗದಿಂದ 30 ಕಿಲೋಮೀಟರ್ ಎಸಿ ಹಾಕಿಕೊಂಡು ಬಂದು ಬಾಗಿಲು ತೆಗೆದೊಡನೆ ಲೆನ್ಸಿನ ಗಾಜಿನ ಮೇಲೆ ಮಂಜು ಕೂರುತ್ತದೆ. ಇನ್ನೂ ದಾರಿಯಿರುವಾಗಲೇ ಎಸಿ ಆರಿಸಿ ಕಿಟಕಿ ಇಳಿಸಿಬಿಡಿ. ಮನೆಗೆ ಹೋದ ಮೇಲೆ ಲೆನ್ಸನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಮಲೆನಾಡಿನಲ್ಲಿ ಕೊಳೆ ರೋಗ ಅಡಿಕೆಗೆ ಬಂದಂತೆ ಲೆನ್ಸಿಗೂ ಬೂಷ್ಟು ಬರುತ್ತದೆ. ಅಡಿಕೆಗಾದರೆ ಸಿಂಪಡಿಸಲು ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವಿದೆ, ಲೆನ್ಸಿಗೆ ಅದೂ ಇಲ್ಲ.

ಇನ್ನು ಹಳ್ಳದ ಹಕ್ಕಿ. ನೀವು ಕಂಡದ್ದು ಬೂದು ಸಿಪಿಲೆ. ಹಿಮಾಲಯದಲ್ಲೂ ಅದರಾಚೆಗೂ ಮರಿ ಮಾಡಿ ಸೆಪ್ಟೆಂಬರಿನಲ್ಲಿ ನಮ್ಮ ಹಳ್ಳಗಳಿಗೆ ಇಳಿಯುವ ಅತಿಥಿ. ಬಂದದ್ದೇ ತನಗೆಂದು ಹಳ್ಳದ ಒಂದು ತುಂಡನ್ನು ಗೊತ್ತು ಮಾಡಿಕೊಳ್ಳುತ್ತದೆ. ನೀವು ಹಿಂಬಾಲಿಸಿದರೆ ಅಷ್ಟಷ್ಟೇ ಮುಂದಕ್ಕೆ ಹಾರಿ, ತನ್ನ ಗಡಿ ಮುಗಿದೊಡನೆ ನಿಮ್ಮ ತಲೆಯ ಮೇಲಿಂದ ಸುತ್ತಿ ಹಿಂದಕ್ಕೆ ಬಂದು ಕೂರುತ್ತದೆ. ಹಾಗಾಗಿ ಅಟ್ಟಿಸಿಕೊಂಡು ಹೋಗಬೇಡಿ. ಎಲ್ಲಿ ಹಿಕ್ಕೆ ಬಿದ್ದು ಕಲ್ಲು ಬೆಳ್ಳಗಾಗಿದೆಯೋ ನೋಡಿ, ಅದರಿಂದ ದೂರ, ಬೆಳಕು ಬೆನ್ನಿಗೆ ಬರುವಂತೆ ಕುಳಿತುಬಿಡಿ. ಕ್ಯಾಮೆರಾ ನೀರಿನ ಮಟ್ಟಕ್ಕೆ ಹತ್ತಿರವಿರಲಿ. ಬಾಲ ಮೇಲೆ ಹೋಗಿ ಇಳಿಯುವ ಮುನ್ನ ಚಿಟಿಕೆಯಷ್ಟು ಹೊತ್ತು ನಿಲ್ಲುತ್ತದೆ, ಬುಡದ ಹಳದಿ ಕಾಣುವುದೂ ಆಗಲೇ. ಶಟರ್ ವೇಗ 1/1000 ಸೆಕೆಂಡಿನಲ್ಲಿ ಸಾಲಾಗಿ ಕೆಲವು ಚಿತ್ರ ತೆಗೆದರೆ ಒಂದಾದರೂ ಸಿಗುತ್ತದೆ. ಇಂಬಳಕ್ಕೆ (ರಕ್ತ ಹೀರುವ ಜಿಗಣೆ) ಉಪ್ಪು ಜೇಬಿನಲ್ಲಿರಲಿ.

ಕೂಗು ಹಾಕುವುದು ಬೇಡವೇ ಬೇಡ. ಅಷ್ಟು ದೂರ ಹಾರಿ ಬಂದ ಹಕ್ಕಿಗೆ ಈಗ ಹೊಟ್ಟೆ ತುಂಬಿಸಿಕೊಳ್ಳುವುದೇ ಕೆಲಸ. ಇನ್ನೊಂದು ಸಿಪಿಲೆ ತನ್ನ ಜಾಗಕ್ಕೆ ನುಗ್ಗಿದೆಯೆಂದು ಅದು ಮೇವು ಬಿಟ್ಟು ಓಡಿ ಬರುತ್ತದೆ. ನಿಮಗೆ ಫೋಟೊ, ಅದಕ್ಕೆ ಉಪವಾಸ. ಅಭಯಾರಣ್ಯದೊಳಗಂತೂ ಪ್ರಾಣಿಪಕ್ಷಿಗಳನ್ನು ಕೆಣಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಷಿದ್ಧ.

ಮೋಡದ ಬೆಳಕು:
ಮೈನಸ್ ಮಾಡಿದರೆ ನೆರಳಿನ ಭಾಗದಲ್ಲಿ ಕಾಳು ಹೆಚ್ಚುತ್ತದೆಯಲ್ಲ ಸರ್?

ತುಂಗೆಯ ದಂಡೆ:
ಹೆಚ್ಚುತ್ತದೆ. ಆದರೆ ಮರದ ನೆರಳಿನಲ್ಲಿ ಕಾಳು ಎಣಿಸುವವರು ನಿಮ್ಮನ್ನು ಬಿಟ್ಟರೆ ಬೇರೆ ಯಾರು?

ಬಯಲುಸೀಮೆಯವಳು:
ತುಂಬ ಧನ್ಯವಾದಗಳು. ಭಾನುವಾರ ಮತ್ತೆ ಹೋಗಿದ್ದೆ. ಮೈನಸ್ 1ರಲ್ಲಿ ಬೆನ್ನಿನ ಗರಿಗಳು ಎಳೆ ಎಳೆಯಾಗಿ ಬಂದಿವೆ. ಸಿಪಿಲೆ ಕಲ್ಲಿಗೆ ಬಂತು, ಆದರೆ ಬೆನ್ನು ತಿರುಗಿಸಿ ಕುಳಿತು ಹಳದಿಯನ್ನೇ ತೋರಿಸಲಿಲ್ಲ. ಒಂದು ಸಂಶಯ: ಕೆಲವು ಬೆಳ್ಳಕ್ಕಿಗಳ ಕೊಕ್ಕು ಕಪ್ಪು, ಕೆಲವದು ಹಳದಿ, ಒಂದರದು ಎರಡೂ ಬಣ್ಣ. ಮೂರು ಬೇರೆ ಬೇರೆ ಜಾತಿಗಳೇ?

ತುಂಗೆಯ ದಂಡೆ:
ಕೊಕ್ಕು ನೋಡಿಯೇ ಜಾತಿ ಬೇರೆ ಎನ್ನಲಾಗದು. ಮಧ್ಯಮ ಬೆಳ್ಳಕ್ಕಿಗೆ ಮರಿ ಮಾಡುವ ಕಾಲದಲ್ಲಿ ಕೊಕ್ಕು ಕಪ್ಪಾಗುತ್ತದೆ, ಆಮೇಲೆ ಮತ್ತೆ ಹಳದಿಗೆ ತಿರುಗುತ್ತದೆ. ಈಗ ಬಣ್ಣ ಬದಲಾಗುವ ಸಮಯ, ಎರಡು ಬಣ್ಣದ್ದು ನಡುವಿನ ಹಂತದಲ್ಲಿರಬಹುದು. ಕಪ್ಪು ಕೊಕ್ಕಿನದು ಪುಟ್ಟ ಬೆಳ್ಳಕ್ಕಿಯೂ ಆಗಿರಬಹುದು, ಅದರ ಕಾಲ್ಬೆರಳು ಹಳದಿ. ಮುಂದಿನ ಸಲ ಕಾಲೂ ಕಾಣುವಂತೆ ತೆಗೆದು ಹಾಕಿ, ನೋಡಿ ಹೇಳುತ್ತೇನೆ.